ಡ್ರೋನ್ ನಕ್ಷೆಯಲ್ಲಿ ಅಂಗಳಕ್ಕೆ ಬಣ್ಣವಿಲ್ಲ

(ಕಾರವಾರದಲ್ಲಿ ಆಡಿದ ಮಾತಿನ ಬರಹ ರೂಪ)

ಕಾರವಾರದಲ್ಲಿ ನಿಂತು "ಯಾರ ಹತ್ತಿರ ಡ್ರೋನ್ ಇದೆ, ಕೈ ಎತ್ತಿ" ಎಂದು ಕೇಳುವ ಧೈರ್ಯ ನನಗಿಲ್ಲ. ಕೇಳಿದರೂ ಯಾರೂ ಎತ್ತುವುದಿಲ್ಲ. ಇದ್ದವರಂತೂ ಎತ್ತುವುದೇ ಇಲ್ಲ. ಶಿರಸಿಯಲ್ಲಾದರೆ ನಾಲ್ಕು ಕೈ ಮೇಲೇಳುತ್ತವೆ. ಅದರಲ್ಲಿ ಮೂರು ಮದುವೆ ಫೋಟೊ ತೆಗೆಯುವವರದ್ದು. ನಾನೂ ಅದೇ ಕಸುಬಿನವ.

ಕಾರಣ ನಿಮಗೆ ಗೊತ್ತೇ ಇದೆ. ಬಿಣಗಾ ದಾಟಿ ಅರ್ಗಾ ಕಡೆ ಹೋದರೆ ನಾವೆಲ್ಲ ಸೀಬರ್ಡ್ ಎಂದೇ ಕರೆಯುವ ನೌಕಾನೆಲೆ. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ್ದು, 2005ರಲ್ಲಿ ಐಎನ್‌ಎಸ್ ಕದಂಬ ಎಂದು ಶುರುವಾದದ್ದು. ಇನ್ನೊಂದು ದಿಕ್ಕಿಗೆ, ಕಾಳಿ ನದಿಯ ಮೇಲ್ಗಡೆ ಕೈಗಾ ಅಣು ವಿದ್ಯುತ್ ಸ್ಥಾವರ. ತಲಾ 220 ಮೆಗಾವಾಟ್‌ನ ನಾಲ್ಕು ಘಟಕ. 2025ರ ಮೇ ತಿಂಗಳಲ್ಲಿ ಯುದ್ಧದ ಅಣಕು ಕಾರ್ಯಾಚರಣೆ ಮಾಡಿ ಎಂದು ದೆಹಲಿಯಿಂದ ಆದೇಶ ಬಂತಲ್ಲ, ಕರ್ನಾಟಕದ ಪಟ್ಟಿಯಲ್ಲಿ ಇದ್ದದ್ದು ಬೆಂಗಳೂರು, ರಾಯಚೂರು, ಮತ್ತೆ ಕಾರವಾರ. ಇಂಥ ಊರಲ್ಲಿ ಮೇಲೆ ಏನೋ ಗುಂಯ್ ಎಂದರೆ ಜನ ತಲೆ ಎತ್ತಿ ನೋಡುತ್ತಾರೆ.

ತಲೆ ಎತ್ತಿ ನೋಡಿದ ಒಂದು ಪ್ರಸಂಗ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. 2024ರ ನವೆಂಬರ್‌ನಲ್ಲಿ ಟ್ರ್ಯಾಕರ್ ಕಟ್ಟಿಕೊಂಡ ರಣಹದ್ದೊಂದು ಕಾರವಾರದಲ್ಲಿ ಕಾಣಿಸಿಕೊಂಡಿತು. ಬೇಹುಗಾರಿಕೆಯ ಹಕ್ಕಿಯೇನೋ ಎಂದು ಊರೆಲ್ಲ ಮಾತು. ವಿಚಾರಿಸಿದರೆ ಅದು ಮಹಾರಾಷ್ಟ್ರದ ತಾಡೋಬಾ ಕಡೆ ಅಧ್ಯಯನಕ್ಕೆಂದು ಬಿಟ್ಟ ಹಕ್ಕಿ. ನಿಜವಾದ ಹಕ್ಕಿಗೇ ಈ ಗತಿಯಾದರೆ ನಾಲ್ಕು ಫ್ಯಾನಿನ ಹಕ್ಕಿಯ ಕಥೆ ಕೇಳಬೇಕೆ?

ಇದು ನಮ್ಮ ಊರಿನ ಕಾಯಿಲೆ ಮಾತ್ರ ಅಲ್ಲ. 2018ರ ಡಿಸೆಂಬರ್‌ನಲ್ಲಿ ಲಂಡನ್ ಹತ್ತಿರದ ಗ್ಯಾಟ್ವಿಕ್ ವಿಮಾನ ನಿಲ್ದಾಣದಲ್ಲಿ ಡ್ರೋನ್ ಕಂಡಿತು ಎಂದು ರನ್‌ವೇ ಮುಚ್ಚಿದರು. ಸುಮಾರು 1000 ವಿಮಾನಗಳ ಓಡಾಟ ಏರುಪೇರಾಯಿತು. 1,40,000 ಪ್ರಯಾಣಿಕರು ಕ್ರಿಸ್‌ಮಸ್ ಹೊತ್ತಿಗೆ ಪರದಾಡಿದರು. ಪೊಲೀಸರು ಒಂದು ದಂಪತಿಯನ್ನು ಹಿಡಿದು, ಇವರಲ್ಲ ಎಂದು ಬಿಟ್ಟರು. 2019ರಲ್ಲಿ ತನಿಖೆಯನ್ನೇ ಮುಚ್ಚಿದರು. ಡ್ರೋನ್ ಸಿಗಲಿಲ್ಲ, ಹಾರಿಸಿದವರೂ ಸಿಗಲಿಲ್ಲ.

ನಾನು ಗೇಲಿ ಮಾಡುತ್ತಿಲ್ಲ. ನೌಕಾನೆಲೆ ಹತ್ತಿರ ಹಾರಿಸಬಾರದು, ಮುಗೀತು. "ಗೂಗಲ್ ಮ್ಯಾಪ್‌ನಲ್ಲೇ ಎಲ್ಲಾ ಕಾಣ್ತದೆ, ನಾನು ಹಾರಿಸಿದ್ರೆ ಏನು" ಎಂದು ಹುಡುಗರು ವಾದ ಮಾಡುತ್ತಾರೆ. ಗೂಗಲ್‌ನಲ್ಲಿ ಕಾಣುವುದು ಯಾವಾಗಲೋ ತೆಗೆದ ಚಿತ್ರ. ಡ್ರೋನ್ ತೋರಿಸುವುದು ಈ ಕ್ಷಣದ್ದು. ಮೇಲಾಗಿ, ಕೆಳಗೆ ಕಾವಲಿಗೆ ನಿಂತವರಿಗೆ ಅದರ ಹೊಟ್ಟೆಯಲ್ಲಿ ಕ್ಯಾಮೆರಾ ಇದೆಯೋ ಬೇರೆ ಏನಿದೆಯೋ ಗೊತ್ತಾಗುವುದಿಲ್ಲ. ಅವರು ಕೆಟ್ಟದ್ದನ್ನೇ ಊಹಿಸಬೇಕು, ಅದು ಅವರ ಕೆಲಸ.

ನನ್ನ ತಕರಾರು ಬೇರೆ. ನಮ್ಮ ಜಿಲ್ಲೆಯಲ್ಲಿ ಡ್ರೋನ್ ಎಂದ ಕೂಡಲೇ ಮಾತು ದೇಶದ ಭದ್ರತೆಯಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತದೆ. ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುವವರ ತಲೆಯ ಮೇಲೆ ಅದು ಬಂದು ನಿಂತರೆ ಏನು ಎಂಬ ಮಾತಿಗೆ ಜಾಗವೇ ಇಲ್ಲ.

ಕಾನೂನು ಬೇಗ ಹೇಳಿ ಮುಗಿಸುತ್ತೇನೆ. 2021ರ ಆಗಸ್ಟ್‌ನಲ್ಲಿ ಡ್ರೋನ್ ನಿಯಮ ಬಂತು. ಡಿಜಿಟಲ್ ಸ್ಕೈ ಎಂಬ ಸರ್ಕಾರಿ ತಾಣದಲ್ಲಿ ದೇಶದ ನಕ್ಷೆಗೆ ಮೂರು ಬಣ್ಣ ಬಳಿದಿದ್ದಾರೆ. ಕೆಂಪು ಜಾಗದಲ್ಲಿ ಕೇಂದ್ರ ಸರ್ಕಾರದ ಅನುಮತಿ ಬೇಕು. ಹಳದಿಯಲ್ಲಿ ವಿಮಾನ ಸಂಚಾರ ನಿಯಂತ್ರಿಸುವವರ ಅನುಮತಿ ಬೇಕು. ಹಸಿರಿನಲ್ಲಿ 400 ಅಡಿವರೆಗೆ ಅನುಮತಿ ಬೇಡ. ಇದಲ್ಲದೆ, ಎಸ್‌ಪಿ ದರ್ಜೆಯ ಅಧಿಕಾರಿ ತುರ್ತು ಎನಿಸಿದರೆ ಒಂದು ಜಾಗವನ್ನು ಒಮ್ಮೆಗೆ 96 ಗಂಟೆಯವರೆಗೆ ಕೆಂಪು ಮಾಡಬಹುದು. ದೊಡ್ಡ ಜಾತ್ರೆಗೆ, ಮಂತ್ರಿಗಳ ಭೇಟಿಗೆ ಇದು ನೆನಪಿರಲಿ. ಮುಂದೆ ಅಂಕೋಲೆಯ ಅಲಗೇರಿಯಲ್ಲಿ ವಿಮಾನ ನಿಲ್ದಾಣ ಬಂದರೆ ಸುತ್ತಲಿನ ಬಣ್ಣ ಮತ್ತೆ ಬದಲಾಗುತ್ತದೆ. ಹಾಗಾಗಿ ಹೋದ ವರ್ಷ ನೋಡಿದ್ದೆ ಎಂದು ಹಾರಿಸಬೇಡಿ. ಹಾರಿಸುವ ದಿನವೇ ನಕ್ಷೆ ನೋಡಿ.

400 ಅಡಿ ಎಂದರೆ ಎಷ್ಟು ಅಂತ ಸುಮ್ನೆ ಹೇಳಿದರೆ ತಿಳಿಯುವುದಿಲ್ಲ. ಯಾಣಕ್ಕೆ ಹೋಗಿದ್ದೀರಲ್ಲ? ಭೈರವೇಶ್ವರ ಶಿಖರದ ಬುಡದಲ್ಲಿ ನಿಂತು ಕುತ್ತಿಗೆ ಹಿಂದೆ ಬಾಗಿಸಿ ತುದಿ ನೋಡಿ. ಅದು 120 ಮೀಟರ್. ಹೆಚ್ಚುಕಮ್ಮಿ ಅದೇ 400 ಅಡಿ. ಮುರ್ಡೇಶ್ವರದ ರಾಜಗೋಪುರ 237 ಅಡಿ, ಮಿತಿಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ.

ಯಾಣ ಎಂದೆ, ಆದರೆ ಅಲ್ಲಿ ಡ್ರೋನ್ ಬೇಡ. ಆ ಬಂಡೆಗಳಿಗೆ ಹೆಜ್ಜೇನು ಕಟ್ಟುತ್ತದೆ. ಹೆಜ್ಜೇನಿನ ತಟ್ಟಿಯ ಹತ್ತಿರ ರೆಕ್ಕೆ ಗುಂಯ್‌ಗುಟ್ಟಿಸಿ ಅವು ಎದ್ದರೆ, ಹಾರಿಸಿದವನು ಕಾರು ಹತ್ತಿ ಗಾಜು ಏರಿಸಿಕೊಳ್ಳುತ್ತಾನೆ. ಕಚ್ಚಿಸಿಕೊಳ್ಳುವುದು ದೇವಸ್ಥಾನಕ್ಕೆ ಬಂದ ವಯಸ್ಸಾದವರು, ಮಕ್ಕಳು.

ಇನ್ನು ತೂಕ. 250 ಗ್ರಾಂವರೆಗಿನದು ನ್ಯಾನೊ, ಅಲ್ಲಿಂದ 2 ಕಿಲೊವರೆಗೆ ಮೈಕ್ರೊ. ನ್ಯಾನೊ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ. ಮೈಕ್ರೊ ಕೂಡ ಹವ್ಯಾಸಕ್ಕಾದರೆ ಬೇಡ, ದುಡಿಮೆಗಾದರೆ ಬೇಕು. ಮದುವೆ ಫೋಟೊದವರೇ, ಇದು ನಮಗೆ. 2019ರಲ್ಲಿ ಡಿಜೆಐ ಕಂಪನಿ 249 ಗ್ರಾಂನ ಡ್ರೋನ್ ಬಿಟ್ಟದ್ದು ಸುಮ್ನೆ ಅಲ್ಲ. ಅಮೆರಿಕದಲ್ಲಿ 250 ಗ್ರಾಂ ದಾಟಿದರೆ ನೋಂದಣಿ ಮಾಡಿಸಬೇಕಿತ್ತು. ಕಾನೂನನ್ನು ತಕ್ಕಡಿಯಲ್ಲಿಟ್ಟು ಅದಕ್ಕಿಂತ ಒಂದು ಗ್ರಾಂ ಕಡಿಮೆ ಮಾಡಿದರು. ಅದೇ ಡ್ರೋನಿಗೆ ದೊಡ್ಡ ಬ್ಯಾಟರಿ ಹಾಕಿದರೆ ತೂಕ ಮಿತಿ ದಾಟುತ್ತದೆ, ವರ್ಗ ಬದಲಾಗುತ್ತದೆ. ಇದು ಅಂಗಡಿಯವರು ಹೇಳದ ಮಾತು. ಮತ್ತೆ, 249 ಗ್ರಾಂ ಎಂದರೆ ಎಲ್ಲದಕ್ಕೂ ವಿನಾಯಿತಿ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ಕೆಂಪು ಜಾಗ ಎಲ್ಲ ತೂಕಕ್ಕೂ ಕೆಂಪೇ.

ಕೊಳ್ಳುವುದು ಎಲ್ಲಿ ಎಂದು ಯಾರಾದರೂ ಕೇಳೇ ಕೇಳುತ್ತೀರಿ. 2022ರ ಫೆಬ್ರವರಿಯಿಂದ ವಿದೇಶಿ ಡ್ರೋನ್ ಆಮದಿಗೆ ನಿಷೇಧ ಇದೆ. ಬಿಡಿಭಾಗ ತರಬಹುದು, ಪೂರ್ತಿ ಡ್ರೋನ್ ತರುವಂತಿಲ್ಲ. ಗಲ್ಫ್‌ನಿಂದ ಬರುವ ನೆಂಟರಿಗೆ "ಬ್ಯಾಗಿನಲ್ಲಿ ಒಂದು ಹಾಕ್ಕೊಂಡು ಬಾ" ಎಂದು ಹೇಳಿ ಅವರನ್ನು ಕಸ್ಟಮ್ಸ್‌ನವರ ಮುಂದೆ ನಿಲ್ಲಿಸಬೇಡಿ.

ಈಗ ನನಗೆ ಮುಖ್ಯ ಅನಿಸಿದ ವಿಷಯಕ್ಕೆ ಬರುತ್ತೇನೆ.

ಅಂಕೋಲೆ ಹತ್ತಿರದ ಒಂದು ತೀರ. ಮಳೆಗಾಲ ಮುಗಿದು ಬಿಸಿಲು ಬಿದ್ದಿತ್ತು. ಮರಳ ಮೇಲೆ ಬಲೆ ಹಾಸಿ ಮೀನು ಒಣಗಿಸಿದ್ದರು. ಕಾಗೆ ಓಡಿಸಲು ಹೆಂಗಸರು ಕೋಲು ಹಿಡಿದು ಕೂತಿದ್ದರು. ಹುಬ್ಬಳ್ಳಿ ಕಡೆಯ ಹುಡುಗನೊಬ್ಬ ಡ್ರೋನ್ ಹಾರಿಸುತ್ತಿದ್ದ. ಒಳ್ಳೆಯ ಹುಡುಗ, ಯಾರಿಗೂ ತೊಂದರೆ ಕೊಡುವ ಇರಾದೆ ಇಲ್ಲ. ಅಲ್ಲಿದ್ದ ಒಬ್ಬ ಹೆಂಗಸು ಎದ್ದು ಬಂದು ಕೇಳಿದರು.

"ತಮ್ಮಾ, ಎಂತ ತೆಗೀತಿ?"

"ಸಮುದ್ರ ಅಮ್ಮಾ."

"ಎಲ್ಲಿ, ತೋರ್ಸು."

ಅವನು ತೋರಿಸಿದ. ಚಿತ್ರ ಚಂದವೇ ಇತ್ತು. ಬೆಳ್ಳಗೆ ಸಾಲಾಗಿ ಮೀನು, ಪಕ್ಕದಲ್ಲಿ ನೊರೆ, ಮೇಲಕ್ಕೆ ಎಳೆದಿಟ್ಟ ದೋಣಿ. ಮೂಲೆಯಲ್ಲಿ ಒಂದಷ್ಟು ಮನೆ. ಅದರಲ್ಲೊಂದರ ಮಾಡಿಗೆ ನೀಲಿ ಟಾರ್ಪಾಲು ಹೊದಿಸಿ, ಹಾರಿ ಹೋಗದ ಹಾಗೆ ಮೇಲೆ ಹಳೆಯ ಟಯರು ಇಟ್ಟಿದ್ದರು. ಆಕೆ ಆ ನೀಲಿಯ ಮೇಲೆ ಬೆರಳಿಟ್ಟರು.

"ಇದು ನಮ್ಮ ಮನೆ. ಮಾಡು ಸೋರ್ತದೆ. ಇದನ್ನ ಯಾಕೆ ಊರಿಗೆಲ್ಲ ತೋರ್ಸ್ತಿ?"

"ಅಷ್ಟು ಮೇಲಿಂದ ಯಾರ ಮನೆ ಅಂತ ಯಾರಿಗೂ ಗೊತ್ತಾಗಲ್ಲ ಅಮ್ಮಾ."

"ನಂಗೆ ಗೊತ್ತಾಯ್ತಲ್ಲ."

ಹುಡುಗನ ಮಾತಿನಲ್ಲೂ ಲೆಕ್ಕ ಇದೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಡ್ರೋನಿಗೆ ಏನು ಕಾಣುತ್ತದೆ ಎಂಬುದರ ಬಗ್ಗೆ ಹೆದರುವವರೂ ಸಮರ್ಥಿಸುವವರೂ ಅಂದಾಜಿನಲ್ಲೇ ಮಾತಾಡುತ್ತಾರೆ.

ಸಾಮಾನ್ಯ ಡ್ರೋನಿನ ಲೆನ್ಸ್ ಅಗಲ ನೋಟದ್ದು, ನಮ್ಮ ಭಾಷೆಯಲ್ಲಿ 24 ಎಂಎಂ. 120 ಮೀಟರ್ ಮೇಲಿನಿಂದ ನೇರ ಕೆಳಗೆ ತೆಗೆದರೆ ಫೋಟೊದಲ್ಲಿ ಬರುವ ನೆಲದ ಅಗಲ ಸುಮಾರು 180 ಮೀಟರ್. 12 ಮೆಗಾಪಿಕ್ಸೆಲ್ ಫೋಟೊದಲ್ಲಿ ಅಡ್ಡಕ್ಕೆ 4000 ಚುಕ್ಕಿ. ಭಾಗಿಸಿ ನೋಡಿ, ಒಂದು ಚುಕ್ಕಿಗೆ ನಾಲ್ಕೂವರೆ ಸೆಂಟಿಮೀಟರ್ ನೆಲ. ಮನುಷ್ಯನ ತಲೆ ಎಂದರೆ ನಾಲ್ಕೈದು ಚುಕ್ಕಿ. ಯಾರೆಂದು ಗುರುತು ಹತ್ತುವುದಿಲ್ಲ. 20 ಮೀಟರಿಗೆ ಇಳಿಸಿ. ಈಗ ಒಂದು ಚುಕ್ಕಿಗೆ ಮುಕ್ಕಾಲು ಸೆಂಟಿಮೀಟರ್. ಮುಖಕ್ಕೆ ಅಡ್ಡಲಾಗಿ ಇಪ್ಪತ್ತು ಚುಕ್ಕಿ. ಪರಿಚಯದವರಾದರೆ ಗುರುತು ಹಿಡಿಯುತ್ತಾರೆ. ಸೀರೆ, ನಡಿಗೆ, ಜಾಗ ಗೊತ್ತಿದ್ದರೆ ಮುಖವೂ ಬೇಡ. ಊರಿನವರಿಗೆ ಊರಿನವರ ಗುರುತು ಬೆನ್ನಿನಿಂದಲೇ ಸಿಗುತ್ತದೆ, ಅಲ್ವಾ?

ಇಲ್ಲೇ ಒಂದು ತೊಡಕು. ಮೊದಲು ಎತ್ತರ ನೋಡಿ ಅಪಾಯ ಅಳೆಯಬಹುದಿತ್ತು. ಈಗ ದೂರದ ಲೆನ್ಸ್ ಇರುವ ಡ್ರೋನ್ ಬಂದಿವೆ. 2021ರ ಮ್ಯಾವಿಕ್ 3ರಲ್ಲಿ ಸುಮಾರು ಏಳು ಪಟ್ಟು ಹತ್ತಿರ ತೋರಿಸುವ ಎರಡನೇ ಕ್ಯಾಮೆರಾ ಇದೆ. ಅದು 400 ಅಡಿಯಲ್ಲಿ ನಿಂತು 60 ಅಡಿಗೆ ಇಳಿದ ಹಾಗೆ ನೋಡುತ್ತದೆ. ಕೆಳಗಿರುವವರಿಗೆ ಸದ್ದೂ ಕೇಳುವುದಿಲ್ಲ. ನಿಯಮ ಎತ್ತರದ್ದು ಹೇಳುತ್ತದೆ, ತೂಕದ್ದು ಹೇಳುತ್ತದೆ. ಲೆನ್ಸಿನ ಬಗ್ಗೆ ಅದಕ್ಕೆ ಚಿಂತೆ ಇಲ್ಲ.

ಒಂದು ಸಮಾಧಾನದ ಮಾತೂ ಹೇಳಿಬಿಡುತ್ತೇನೆ. "ನಾವು ಜಗಲಿಯಲ್ಲಿ ಆಡಿದ ಮಾತೂ ಅದಕ್ಕೆ ಕೇಳ್ತದಾ?" ಎಂದು ಸಿದ್ದಾಪುರದ ಕಡೆ ಒಬ್ಬ ಅಜ್ಜ ಕೇಳಿದ್ದರು. ಇಲ್ಲ. ಈ ಕ್ಯಾಮೆರಾ ಡ್ರೋನ್‌ಗಳು ಮಾತು ಹಿಡಿಯುವುದಿಲ್ಲ. ರೆಕ್ಕೆಯ ಸದ್ದಿನಲ್ಲಿ ಹಿಡಿದರೂ ಏನೂ ಕೇಳಿಸದು. ರೀಲ್ಸ್‌ನಲ್ಲಿ ಕೇಳುವ ಅಲೆಯ ಸದ್ದು, ಹಕ್ಕಿ ಕೂಗು ಎಲ್ಲ ಆಮೇಲೆ ಅಂಟಿಸಿದ್ದು.

ಆ ಹೆಂಗಸಿನ ಮಾತಿಗೆ ಬರೋಣ. ಕೆಂಪು, ಹಳದಿ, ಹಸಿರು ನಕ್ಷೆಯಲ್ಲಿ ಆಕೆಯ ಮನೆ ಯಾವ ಬಣ್ಣದಲ್ಲಿತ್ತೋ ಇರಲಿ, ಆ ಬಣ್ಣ ಆಕೆಗಾಗಿ ಬಳಿದದ್ದಲ್ಲ. ವಿಮಾನ, ನೌಕಾನೆಲೆ, ಸ್ಥಾವರ ಇವುಗಳನ್ನು ನೋಡಿ ಬಳಿದದ್ದು. ಅಂಗಳಕ್ಕೆ ಅಲ್ಲಿ ಬಣ್ಣವಿಲ್ಲ. ಹಾಗಂತ ಕಾನೂನೇ ಇಲ್ಲ ಎಂದಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ್ದಾರೆ. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹೆಂಗಸರನ್ನು ಖಾಸಗಿ ಹೊತ್ತಿನಲ್ಲಿ ಕದ್ದು ನೋಡುವುದು, ಚಿತ್ರ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಲ್ಲಿ ಅಪರಾಧ. ಹಿತ್ತಲಿನ ಬಚ್ಚಲಿಗೆ ಇಂದಿಗೂ ಮಾಡಿಲ್ಲದ ಮನೆಗಳು ನಮ್ಮಲ್ಲಿವೆ. ಗೋಡೆ ಕಟ್ಟಿದವರು ಮೇಲಿನಿಂದ ಯಾರೋ ನೋಡುತ್ತಾರೆ ಎಂದು ಎಣಿಸಿರಲಿಲ್ಲ. ಅಂಥ ಕಡೆ ಈ ಕಲಮು ಸರಿಯಾಗಿ ಹಿಡಿಯುತ್ತದೆ. ಆದರೆ ಸೋರುವ ಮಾಡಿಗೆ ಯಾವ ಕಲಮು? ಅದು ಪೊಲೀಸ್ ಠಾಣೆಗೆ ಹೋಗುವ ವಿಷಯ ಅಲ್ಲ. ಮಾತಾಡಿಕೊಂಡು ಬಗೆಹರಿಸುವ ವಿಷಯ.

ಮೇಲಿನಿಂದ ನೋಡುವುದು ಬರೀ ಪ್ರವಾಸಿಗರ ಚಟ ಅಲ್ಲ. ಸರ್ಕಾರವೂ ನೋಡುತ್ತದೆ. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯ ಮನೆಗಳನ್ನು ಡ್ರೋನಿನಿಂದ ಅಳೆದು ಆಸ್ತಿ ಪತ್ರ ಕೊಡುತ್ತಾರೆ. ಪತ್ರ ಸಿಗುವುದು ಒಳ್ಳೆಯದೇ. ಆದರೆ ನಮ್ಮ ಜಿಲ್ಲೆಯಲ್ಲಿ ಅಳತೆ ಎಂದರೆ ಜನರ ಎದೆ ಧಸಕ್ ಎನ್ನುತ್ತದೆ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ಅತಿಕ್ರಮಣ, ಅರಣ್ಯ ಹಕ್ಕಿನ ಅರ್ಜಿ, ಇದೆಲ್ಲ ಇಟ್ಟುಕೊಂಡು ಕೂತ ರೈತನಿಗೆ ತಲೆಯ ಮೇಲೆ ಹಾರಿದ್ದು ಮದುವೆಯದ್ದೋ ಅರಣ್ಯ ಇಲಾಖೆಯದ್ದೋ ಸರ್ವೆಯವರದ್ದೋ ತಿಳಿಯುವುದಿಲ್ಲ. ಯಾರದ್ದು ಎಂದು ಹೇಳುವ ಬೋರ್ಡು ಆಕಾಶದಲ್ಲಿ ಇಲ್ಲವಲ್ಲ. ಸರ್ಕಾರಿ ಕೆಲಸದ ಡ್ರೋನ್ ಹಾರುವ ಮುಂಚೆ ಪಂಚಾಯತಿಯಲ್ಲಿ ಡಂಗುರ ಸಾರಲಿ ಎಂಬುದು ನನ್ನ ಅಭಿಪ್ರಾಯ. ವಾಟ್ಸಾಪ್ ಡಂಗುರವಾದರೂ ಆದೀತು.

ಅಡಿಕೆ ತೋಟಕ್ಕೆ ಔಷಧಿ ಹೊಡೆಯುವ ಡ್ರೋನ್ ಬಗ್ಗೆಯೂ ಮೊದಲ ಸಾಲಿನವರು ಆಗಲೇ ಚೀಟಿ ಕಳಿಸಿದ್ದಾರೆ. ಅದು ಬೇರೆ ಜಾತಿಯ ಯಂತ್ರ, ದೊಡ್ಡದು. ಒಂದೇ ಮಾತು ಹೇಳುತ್ತೇನೆ. ಕೊಳೆರೋಗ ಬರುವುದು ಅಡಿಕೆಯ ಕೊನೆಗೆ, ಅಂದರೆ ಗೊಂಚಲಿಗೆ. ಕೊನೆ ಇರುವುದು ಸೋಗೆಯ, ಅಂದರೆ ಗರಿಯ ಕೆಳಗೆ. ಡ್ರೋನ್ ಬೋರ್ಡೊ ಔಷಧಿ ಸುರಿಯುವುದು ಸೋಗೆಯ ಮೇಲೆ. ಮರ ಹತ್ತುವ ಕೊನೆಗೌಡ ಸಿಗದ ಕಷ್ಟ ನನಗೂ ಗೊತ್ತು, ಆದರೂ ಖರೀದಿಗೆ ಮುಂಚೆ ಯಾರದ್ದಾದರೂ ತೋಟದಲ್ಲಿ ಹೊಡೆಸಿ, ಔಷಧಿ ಕೊನೆಯವರೆಗೆ ಮುಟ್ಟಿತೋ ಇಲ್ಲವೋ ಏಣಿ ಹತ್ತಿ ನೋಡಿ.

ಮನುಷ್ಯರ ಕಥೆ ಆಯಿತು. ಮಂಗಟ್ಟೆ ಹಕ್ಕಿಯದ್ದೂ ಸ್ವಲ್ಪ ಕೇಳಿ. ದಾಂಡೇಲಿ ಕಡೆ ನೋಡಿರುತ್ತೀರಿ. ಮರಿ ಮಾಡುವ ಕಾಲದಲ್ಲಿ ಹೆಣ್ಣು ಮರದ ಪೊಟರೆಯೊಳಗೆ ಕೂತು ಪೊಟರೆಯ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ, ಒಂದು ಸಣ್ಣ ಸೀಳು ಮಾತ್ರ ಬಿಟ್ಟು. ಗಂಡು ಹಣ್ಣು ತಂದು ಆ ಸೀಳಿನಲ್ಲಿ ಕೊಡುತ್ತದೆ. ಹೆಣ್ಣಿನ ಊಟ, ಮರಿಯ ಊಟ ಎಲ್ಲ ಆ ಗಂಡಿನ ಮೇಲೆ. ಮರದ ಹತ್ತಿರ ಡ್ರೋನ್ ನಿಂತರೆ ಗಂಡು ಹೆದರಿ ದೂರ ಕೂರುತ್ತದೆ. ಒಳಗಿರುವವು ಕಾಯುತ್ತವೆ. ಕಾಳಿ ಹುಲಿ ಮೀಸಲಿನೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹಾರಿಸುವಂತಿಲ್ಲ ಎನ್ನುವುದು ಸುಮ್ನೆ ಕಿರಿಕಿರಿ ಮಾಡಲು ಅಲ್ಲ. ಮುರ್ಡೇಶ್ವರದ ಎದುರಿನ ನೇತ್ರಾಣಿಯಲ್ಲಿ ಬಿಳಿ ಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುತ್ತದೆ. ಅಲ್ಲಿ ಗೂಡು ಹೆದರಿಸಿದರೆ ಹದ್ದು ಬಿಡುವುದಿಲ್ಲ. ಡ್ರೋನ್ ಹೋಗಿ ಸಮುದ್ರಕ್ಕೆ ಬಿದ್ದರೆ ನಾನಂತೂ ಮರುಗುವುದಿಲ್ಲ.

ಇಷ್ಟೆಲ್ಲ ಬೈದು, ಶಿರೂರಿನ ಮಾತು ಹೇಳದೆ ಹೋದರೆ ಅನ್ಯಾಯ. 2024ರ ಜುಲೈ 16. ಹೆದ್ದಾರಿ 66ರ ಮೇಲೆ ಗುಡ್ಡ ಜಾರಿ ಗಂಗಾವಳಿಗೆ ಬಿತ್ತು. ನದಿಯ ಆಚೆಯ ಉಳುವರೆ ಊರಿಗೂ ಹೊಡೆತ ಬಿತ್ತು. ಕೇರಳದ ಲಾರಿಯೊಂದು ಚಾಲಕನ ಸಮೇತ ಮಾಯವಾಯಿತು. ನಿವೃತ್ತ ಸೇನಾಧಿಕಾರಿಯೊಬ್ಬರ ತಂಡ ಡ್ರೋನಿಗೆ ಲೋಹ ಹುಡುಕುವ ಉಪಕರಣ ಕಟ್ಟಿ ನದಿಯ ಮೇಲೆ ಹಾರಿಸಿ, ಇಲ್ಲಿ ಇರಬಹುದು ಎಂದು ಜಾಗ ಗುರುತು ಮಾಡಿಕೊಟ್ಟಿತು. ಗುರುತು ಸಿಕ್ಕರೂ ನೀರಿನ ಸೆಳೆತಕ್ಕೆ ಮುಳುಗುಗಾರರು ಇಳಿಯಲಾಗಲಿಲ್ಲ. ಕೊನೆಗೆ ಗೋವಾದಿಂದ ಹೂಳೆತ್ತುವ ಹಡಗು ಬಂದು, ಸೆಪ್ಟೆಂಬರ್ 25ಕ್ಕೆ ಲಾರಿ ಮೇಲೆ ಬಂತು. ಡ್ರೋನ್ ಎಲ್ಲಿಯವರೆಗೆ ಬರುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದು ಆ ಎರಡು ತಿಂಗಳಲ್ಲಿ ಕಂಡಿತು.

ಇನ್ನೊಂದೂ ಕಂಡಿತು. ರಸ್ತೆಯಲ್ಲಿ ಹೋಗುವವರಿಗೆ ಅದು ಬರೀ ಮಣ್ಣಿನ ಗೋಡೆ. ಮೇಲಿನ ಚಿತ್ರದಲ್ಲಿ ಗುಡ್ಡ, ಅದರ ಬುಡ ಕಡಿದು ಮಾಡಿದ ರಸ್ತೆ, ಪಕ್ಕದಲ್ಲೇ ನದಿ ಮೂರೂ ಒಟ್ಟಿಗೆ ಕಂಡವು. ಹೆದ್ದಾರಿ ಅಗಲ ಮಾಡಲು ಗುಡ್ಡವನ್ನು ನೆಟ್ಟಗೆ ಕಡಿದದ್ದರ ಬಗ್ಗೆ ಜಿಲ್ಲೆಯಲ್ಲಿ ಎದ್ದ ಜಗಳಕ್ಕೆ ಆ ಚಿತ್ರಗಳು ಬಲ ಕೊಟ್ಟವು. ಜನರೂ ಮೇಲಿನಿಂದ ನೋಡಬಹುದು, ಪ್ರಶ್ನೆ ಕೇಳಬಹುದು. ಅದಕ್ಕೇ ಪೂರ್ತಿ ನಿಷೇಧ ಮಾಡಿ ಎಂಬ ಮಾತಿಗೆ ನಾನು ಒಪ್ಪುವುದಿಲ್ಲ.

ಆದರೆ ಅವಘಡದ ಜಾಗಕ್ಕೆ ನಮ್ಮ ನಿಮ್ಮ ಡ್ರೋನ್ ಬೇಡವೇ ಬೇಡ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಬೆಂಕಿ ಆರಿಸುತ್ತಿದ್ದ ವಿಮಾನದ ರೆಕ್ಕೆಗೆ ಯಾರೋ ನೋಡಲೆಂದು ಹಾರಿಸಿದ ಸಣ್ಣ ಡ್ರೋನ್ ಬಡಿದು ತೂತಾಯಿತು. ನೀರು ಸುರಿಯಬೇಕಾದ ವಿಮಾನ ರಿಪೇರಿಗೆ ಹೋಯಿತು.

ನಾವೇನು ಮಾಡಬಹುದು? ಆಕಾಶ ಪಂಚಾಯತಿಯದ್ದಲ್ಲ, ಕೇಂದ್ರ ಸರ್ಕಾರದ್ದು. ಗ್ರಾಮಸಭೆಯಲ್ಲಿ ಠರಾವು ಮಾಡಿ ಆಕಾಶಕ್ಕೆ ಬೇಲಿ ಹಾಕಲಾಗದು. ಆದರೆ ಹಾರಿಸುವವನ ಕಾಲು ನೆಲದ ಮೇಲೇ ಇರುತ್ತದೆ. ಆ ನೆಲ ಯಾರದ್ದೋ ಹೋಂಸ್ಟೇಯದ್ದು, ದೇವಸ್ಥಾನದ್ದು, ನಿಮ್ಮ ತೋಟದ್ದು. ಇಲ್ಲಿಂದ ಹಾರಿಸಬೇಡ ಎನ್ನುವ ಹಕ್ಕು ನೆಲದ ಯಜಮಾನರಿಗಿದೆ. ಜೋಯಿಡಾ, ಯಲ್ಲಾಪುರ, ಶಿರಸಿ ಕಡೆಯ ಹೋಂಸ್ಟೇಯವರು ರೂಮಿನ ಬಾಗಿಲಿಗೆ ಊಟದ ಹೊತ್ತು ಬರೆದು ಹಾಕುತ್ತಾರಲ್ಲ, ಅದರ ಕೆಳಗೆ ಎರಡು ಸಾಲು ಸೇರಿಸಲಿ: ಪಕ್ಕದ ಮನೆಯ ಮೇಲೆ ಹಾರಿಸುವಂತಿಲ್ಲ, ಗೂಡಿರುವ ಮರದ ಹತ್ತಿರ ಹಾರಿಸುವಂತಿಲ್ಲ. ಇನ್ನು ನಮ್ಮ ಕಸುಬಿನವರಿಗೆ: ಮದುವೆ ಮನೆಯ ಅಕ್ಕಪಕ್ಕದ ನಾಲ್ಕು ಮನೆಗೆ ಹಿಂದಿನ ದಿನವೇ ಹೋಗಿ ಹೇಳಿ ಬನ್ನಿ. ಹೇಗೂ ಚಹಾ ಕೊಡುತ್ತಾರೆ.

ಮಾತಿನ ಕೊನೆಗೆ ಬಂದ ಒಂದು ಪ್ರಶ್ನೆ ಇಲ್ಲಿ ಬರೆಯಲೇಬೇಕು. ಘಟ್ಟದ ಮೇಲಿನವರೊಬ್ಬರು ಎದ್ದು, "ನನ್ನ ಹತ್ರ ಬೆಳೆ ರಕ್ಷಣೆ ಕೋವಿ ಇದೆ. ತೋಟದ ಮೇಲೆ ಬಂದ್ರೆ ಹೊಡೀಬಹುದಾ?" ಎಂದರು. ಎಲ್ಲರೂ ನಕ್ಕರು, ಅವರು ನಗಲಿಲ್ಲ.

ಹೊಡೆಯಬೇಡಿ. ಅಮೆರಿಕದ ಕೆಂಟಕಿಯಲ್ಲಿ 2015ರಲ್ಲಿ ಒಬ್ಬರು ಹೊಡೆದರು. ಅಲ್ಲಿಯ ನ್ಯಾಯಾಧೀಶರು ಆರೋಪ ಕೈಬಿಟ್ಟರು. ಡ್ರೋನಿನವನು ಫೆಡರಲ್ ಕೋರ್ಟಿಗೆ ಹೋದರೆ, ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಆ ಪ್ರಶ್ನೆ ಅಲ್ಲೇ ಬಗೆಹರಿಯಲಿಲ್ಲ. ನಿಮ್ಮ ಲೈಸೆನ್ಸು ಬೆಳೆ ಕಾಯಲಿಕ್ಕೆ ಕೊಟ್ಟದ್ದು. ಗುಂಡು ಹಾರಿದರೆ ಮೊದಲು ಹೋಗುವುದು ನಿಮ್ಮ ಕೋವಿ. ಮಾರ್ಚ್ ತಿಂಗಳ ಒಣ ಬೆಟ್ಟದಲ್ಲಿ ಲಿಥಿಯಂ ಬ್ಯಾಟರಿ ಒಡೆದು ಬಿದ್ದರೆ ಬೆಂಕಿಯೂ ನಿಮ್ಮದೇ.

ಅದರ ಬದಲು ಡ್ರೋನ್ ಬಿಟ್ಟು ಹಾರಿಸುವವನನ್ನು ಹುಡುಕಿ. ಸಾಮಾನ್ಯವಾಗಿ ರಸ್ತೆ ಬದಿಯಲ್ಲೋ ಸೇತುವೆ ಮೇಲೋ ಫೋನು ನೋಡುತ್ತಾ ನಿಂತಿರುತ್ತಾನೆ. ಬ್ಯಾಟರಿ ಅರ್ಧ ಗಂಟೆಗೆ ಮುಗಿಯುತ್ತದೆ, ಡ್ರೋನ್ ವಾಪಸ್ ಅವನ ಹತ್ತಿರವೇ ಬರಬೇಕು. ಹೊತ್ತು ಬರೆದಿಟ್ಟುಕೊಳ್ಳಿ, ನಿಮ್ಮ ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಜಗಳ ಆಗುವ ಹಾಗಿದ್ದರೆ 112ಕ್ಕೆ ಫೋನ್ ಮಾಡಿ. ಇಲ್ಲದಿದ್ದರೆ ಹತ್ತಿರ ಹೋಗಿ, ಏನು ತೆಗೆದೆ ತೋರಿಸು ಎನ್ನಿ. ಹೆಚ್ಚಿನವರು ತೋರಿಸುತ್ತಾರೆ. ಬೇಡ ಎನಿಸಿದ್ದನ್ನು ಎದುರಿಗೇ ಅಳಿಸಲು ಹೇಳಿ. ಇಲ್ಲೊಂದು ಗುಟ್ಟಿದೆ, ಕೇಳಿಸಿಕೊಳ್ಳಿ. ಫೋನಿನಲ್ಲಿ ಕಾಣುವುದು ಬರೀ ನಕಲು. ಅಸಲಿ ಚಿತ್ರ ಡ್ರೋನಿನೊಳಗಿನ ಮೆಮೊರಿ ಕಾರ್ಡಿನಲ್ಲಿ ಇರುತ್ತದೆ, ಕೆಲವದರಲ್ಲಿ ಕಾರ್ಡಲ್ಲದೆ ಒಳಗೇ ಒಂದಿಷ್ಟು ಜಾಗ ಬೇರೆ ಇರುತ್ತದೆ. ಅಳಿಸಿದೆ ಎಂದು ಫೋನ್ ತೋರಿಸಿದರೆ, "ಅದು ಸರಿ, ಈಗ ಕಾರ್ಡಿನದ್ದು ಅಳಿಸು" ಎನ್ನಿ.